‘ಹಮರ್ತಿಯಾ’ ಶಬ್ದದ ಅರ್ಥವಿಚಾರ

೧. ವಿಷಯೋಪಕ್ರಮ

ಗ್ರೀಕ್ ರುದ್ರನಾಟಕಗಳ ಪರಿಚಯವು ಕನ್ನಡಕ್ಕೆ ಹೊಸತಲ್ಲ. ಸಾಫೊಕ್ಲಿಸ್ ಕವಿಯ ‘ಏಜಾಕ್ಸ್’ ನಾಟಕವನ್ನು ಅನುಸರಿಸಿ ಬಿ. ಎಂ. ಶ್ರೀಕಂಠಯ್ಯನವರು ರಚಿಸಿದ ‘ಅಶ್ವತ್ಥಾಮನ್’ ೧೯೨೯ರಲ್ಲಿಯೂ, ಈಸ್ಕಿಲಸ್ ಕವಿಯ ಕೃತಿಗೆ ಅವರೇ ಮಾಡಿದ ಕನ್ನಡ ಪರಿವರ್ತನವಾದ ‘ಪಾರಸಿಕರು’ ೧೯೩೫ರಲ್ಲಿಯೂ ಪ್ರಕಟವಾದುವು. ಇಂತಹ ನಾಟಕಗಳ ಲಕ್ಷಣವನ್ನು ನಿರೂಪಿಸುವ ಅರಿಸ್ಟಾಟಲನ ಕಾವ್ಯಶಾಸ್ತ್ರವೂ ಇಂದು ನಮ್ಮ ಕಾಲೇಜುಗಳಲ್ಲಿ ಪಾಠವಾಗುತ್ತಿದೆ. ಆ ಗ್ರಂಥದ ಹದಿಮೂರನೆಯ ಪ್ರಕರಣದಲ್ಲಿ ‘ಹಮರ್ತಿಯಾ’ ಎಂಬ ಒಂದು ಶಬ್ದವು ಬರುತ್ತದೆ. ನಾಯಕನು ಸೌಖ್ಯದಿಂದ ದುಃಖಕ್ಕೆ ಬೀಳುವುದಕ್ಕೆ ಕಾರಣವಾವುದೆಂಬ ಪ್ರಶ್ನೆಗೆ ಗ್ರಂಥಕಾರನು ಕೊಡುವ ಉತ್ತರವು ಈ ಒಂದು ಶಬ್ದದಲ್ಲಿ ಅಡಗಿದೆ.

ನಮ್ಮ ತರಗತಿಗಳಲ್ಲಿ ಇದನ್ನು ‘ದುರಂತದೋಷ’ವೆಂದು ಹೇಳುವ ರೂಢಿಯುಂಟು. ಹೇಳಿದೊಡನೆಯೇ, ಈಡಿಪಸನ ದೋಷವಾವುದು, ಕ್ರಿಯೋನನ ದೋಷವಾವುದು ಎಂಬ ಪ್ರಶ್ನೆಗಳು ಹುಟ್ಟುತ್ತವೆ. ವಿದ್ಯಾರ್ಥಿಗಳು ಕೋಪ, ಅಹಂಕಾರ, ಆತುರ ಎಂದು ಉತ್ತರವನ್ನು ಬರೆಯುತ್ತಾರೆ. ಹೀಗೆ ಬರೆಯುವುದರಿಂದ ಆ ನಾಟಕಗಳ ಮರ್ಮವೇ ಕೆಡುತ್ತದೆಂದು ನಮ್ಮ ಅಭಿಪ್ರಾಯ. ಆದುದರಿಂದ ಈ ಶಬ್ದದ ರೂಪ, ಪ್ರಯೋಗ, ಶಾಸ್ತ್ರಾರ್ಥ ಇವುಗಳನ್ನು ಕ್ರಮವಾಗಿ ವಿಚಾರಿಸಿ, ಇದಕ್ಕೆ ತಕ್ಕ ಕನ್ನಡ ಶಬ್ದವಾವುದೆಂಬುದನ್ನು ನಿರ್ಣಯಿಸುವುದು ಈ ಲೇಖನದ ಉದ್ದೇಶ.

೨. ಶಬ್ದರೂಪ

ಇಂಗ್ಲಿಷರ ಉಚ್ಚಾರಣೆಯನ್ನನುಸರಿಸಿ ‘ಹಮಾರ್ಷಿಯಾ’, ‘ಹಮಾರ್ಟಿಯಾ’ ಎಂದು ಬರೆಯುವುದನ್ನು ಕಾಣುತ್ತೇವೆ. ಮೂಲದಲ್ಲಿ ಕೊನೆಯದೊಂದನ್ನುಳಿದು ಎಲ್ಲ ಸ್ವರಗಳೂ ಹ್ರಸ್ವ. ಆದಕಾರಣ ‘ಹಮರ್ತಿಯಾ’ ಎಂಬುದೇ ಸಾಧು. ಇದು ಸ್ತ್ರೀಲಿಂಗದ ಭಾವನಾಮ. ಇದರ ಕ್ರಿಯಾರೂಪ ‘ಹಮರ್ತನೋ’. ಇದರಿಂದ ‘ಹಮರ್ತೇಮ’ ಎಂಬ ಇನ್ನೊಂದು ನಾಮವೂ ಹುಟ್ಟುತ್ತದೆ; ಅದು ನಡೆದುಹೋದ ಒಂದೊಂದು ಕಾರ್ಯವನ್ನು ವಿಶೇಷವಾಗಿ ಹೇಳುತ್ತದೆ.

ಭೂತಕಾಲದಲ್ಲಿ ಈ ಕ್ರಿಯೆಗೆ ‘ಹೇಮರ್ತೊನ್’ ಎಂಬ ರೂಪವಲ್ಲದೆ ಹೋಮರನಲ್ಲಿ ‘ಏಂಬ್ರೊತೊನ್’ ಎಂಬ ಪ್ರಾಚೀನ ರೂಪವೂ ಉಂಟು. ಇಲ್ಲಿ ಸಂಸ್ಕೃತಜ್ಞರು ಎಚ್ಚರವಾಗಿರಬೇಕು. ಗ್ರೀಕಿನಲ್ಲಿ ‘ಅಂಬ್ರೊತೊಸ್’ ಎಂಬ ಶಬ್ದವಿದೆ. ಅದು ನಮ್ಮ ‘ಅಮೃತ’ ಶಬ್ದದ ಸೋದರವೆಂಬುದು ನಿರ್ವಿವಾದ. ಮಕಾರ ರೇಫಗಳ ನಡುವೆ ಉಚ್ಚಾರಣಸೌಕರ್ಯಕ್ಕಾಗಿ ಬಕಾರವು ಬಂದುದು ಎರಡರಲ್ಲಿಯೂ ಸಮಾನ. ಆದರೆ ಧ್ವನಿಸಾಮ್ಯವನ್ನು ಕಂಡು ‘ಏಂಬ್ರೊತೊನ್’ ಎಂಬುದನ್ನೂ ಮೃಧಾತುವಿಗೆ ಕಟ್ಟಬಾರದು. ಇವೆರಡರ ಧಾತುಗಳು ಬೇರೆ. ‘ಮೆರೊಸ್’ ಎಂದರೆ ಪಾಲು. ಅದಕ್ಕೆ ನಿಷೇಧಾರ್ಥದ ಅಕಾರವು ಸೇರಿ ‘ಪಾಲನ್ನು ಪಡೆಯದಿರು’ ಎಂಬ ಅರ್ಥದಿಂದ ‘ಹಮರ್ತನೋ’ ಬಂದಿತೆಂದು ಕೆಲವರು ಊಹಿಸಿದರು. ಆಧುನಿಕ ನಿರುಕ್ತಕಾರರು ಇದನ್ನು ನಿಶ್ಚಿತವೆಂದು ಅಂಗೀಕರಿಸುವುದಿಲ್ಲ. ಆದುದರಿಂದ ಧಾತುವಿನ ಆಸರೆಯನ್ನು ಬಿಟ್ಟು ಪ್ರಯೋಗವನ್ನೇ ಶರಣುಹೋಗಬೇಕು.

೩. ಹೋಮರನ ಪ್ರಯೋಗಗಳು

ಹೋಮರನಲ್ಲಿ ಈ ಕ್ರಿಯೆಗೆ ಮುಖ್ಯಾರ್ಥವು ಗುರಿ ತಪ್ಪುವುದು. ಇಲಿಯಡ್ ಕಾವ್ಯದ ಐದನೆಯ ಸರ್ಗದಲ್ಲಿ ಪಾಂಡರನು ಎಸೆದ ಈಟಿ ಡಯೊಮೀಡನ ಗುರಾಣಿಯನ್ನು ತೂರುತ್ತದೆ; ಶತ್ರು ಸತ್ತನೆಂದು ಅವನು ಹಿಗ್ಗುತ್ತಾನೆ. ಡಯೊಮೀಡನು ನಿರ್ಭಯನಾಗಿ, ನಿನ್ನ ಏಟು ತಪ್ಪಿತು, ತಾಗಲಿಲ್ಲ ಎಂಬ ಅರ್ಥದಲ್ಲಿ ಉತ್ತರವನ್ನು ಕೊಡುತ್ತಾನೆ. ಅಲ್ಲಿರುವುದು ಈ ಕ್ರಿಯೆಯೇ. ಎಂಟನೆಯ ಸರ್ಗದಲ್ಲಿ ಬಿಲ್ಲಾಳು ಟ್ಯೂಸರನು ಹೆಕ್ಟರನನ್ನು ಲಕ್ಷಿಸಿ ಬಾಣವನ್ನು ಬಿಡುತ್ತಾನೆ. ಅದು ಹೆಕ್ಟರನನ್ನು ತಪ್ಪಿ ಗೋರ್ಗಿಥಿಯೋನನೆಂಬ ರಾಜಪುತ್ರನ ಎದೆಗೆ ತಾಗುತ್ತದೆ. ಇಲ್ಲಿಯೂ ಅದೇ ಕ್ರಿಯೆಯು ಉಪಸರ್ಗಸಹಿತವಾಗಿ ಪ್ರಯುಕ್ತವಾಗಿದೆ. ತಪ್ಪಿದ ಬಾಣವು ಬರಿದೆ ಬೀಳುವುದಿಲ್ಲ. ಎಲ್ಲಿಯೋ ಒಂದೆಡೆ ನಾಟುತ್ತದೆ. ಈ ಸಂಗತಿಯನ್ನು ಮುಂದೆ ನೆನೆಯಬೇಕಾಗುವುದು.

ಮುಖ್ಯಾರ್ಥದಿಂದ ಲಕ್ಷಣೆಯು ಹೋಮರನಲ್ಲಿಯೇ ಹೊರಟಿದೆ. ಒಡಿಸ್ಸಿಯ ಹನ್ನೊಂದನೆಯ ಸರ್ಗದಲ್ಲಿ ಒಡಿಸ್ಯೂಸನು ಸತ್ತವರ ಲೋಕದಲ್ಲಿ ಅಕಿಲೀಸನನ್ನು ಕಂಡು, ಅವನ ಮಗನು ಮಂತ್ರಾಲೋಚನೆಯಲ್ಲಿ ಮೊದಲು ಮಾತನಾಡುವನೆಂದೂ ಮಾತಿನಲ್ಲಿ ಎಂದೂ ತಪ್ಪುತ್ತಿರಲಿಲ್ಲವೆಂದೂ ಹೊಗಳುತ್ತಾನೆ. ಇದು ವಾಕ್‌ಸ್ಖಲನ. ಇಪ್ಪತ್ತೆರಡನೆಯ ಸರ್ಗದಲ್ಲಿ, ಆಯುಧಗಳನ್ನಿಟ್ಟ ಕೋಣೆಯ ಬಾಗಿಲನ್ನು ಟೆಲೆಮಾಕಸನು ಭದ್ರಪಡಿಸದೆ ಬಂದಿರುತ್ತಾನೆ. ಶತ್ರುಪಕ್ಷದ ಸೇವಕನು ಅಲ್ಲಿಂದ ಆಯುಧಗಳನ್ನು ಹೊತ್ತು ತರುತ್ತಾನೆ. ಅದು ತನ್ನದೇ ತಪ್ಪು, ಬೇರೊಬ್ಬರದಲ್ಲ ಎಂದು ಆ ತರುಣನು ತಂದೆಗೆ ಒಪ್ಪಿಕೊಳ್ಳುತ್ತಾನೆ. ಇದು ಅನವಧಾನ, ನಮ್ಮ ಕೋಶಕಾರರು ‘ಪ್ರಮಾದ’ವೆನ್ನುವುದು ಇದನ್ನೇ. ಇನ್ನು ಇಲಿಯಡ್ಡಿನ ಒಂಬತ್ತನೆಯ ಸರ್ಗದಲ್ಲಿ ವೃದ್ಧ ಫೀನಿಕ್ಸನು, ಮರ್ಯಾದೆಯನ್ನು ಮೀರಿ ತಪ್ಪಿ ನಡೆದವರು ಬಲಿ ಪ್ರಾರ್ಥನೆಗಳಿಂದ ದೇವತೆಗಳನ್ನು ಶಾಂತಪಡಿಸುವರೆಂದು ಹೇಳುತ್ತಾನೆ. ಇಲ್ಲಿ ಶಬ್ದವು ದೇವತೆಗಳ ವಿಷಯದ ಅಪಚಾರದವರೆಗೂ ಹೋಗಿದೆ.

ಬಾಣ, ಮಾತು, ಎಚ್ಚರ, ನಡತೆ — ಈ ನಾಲ್ಕರಲ್ಲಿಯೂ ಒಂದೇ ಶಬ್ದ. ನಾಲ್ಕರಲ್ಲಿಯೂ ಅನುವೃತ್ತವಾದ ಅರ್ಥವೆಂದರೆ, ಒಂದು ಎಡೆಯನ್ನು ಮುಟ್ಟಬೇಕಾದುದು ಅದನ್ನು ಮುಟ್ಟದೆ ಬೇರೆ ಎಡೆಗೆ ಸಂದುದು.

೪. ನ್ಯಾಯಸ್ಥಾನದಲ್ಲಿ ಈ ಶಬ್ದ

ಕ್ರಿ. ಪೂ. ಐದನೆಯ ಶತಮಾನದ ಅಥೆನ್ಸಿನಲ್ಲಿ ಈ ಶಬ್ದವು ವ್ಯವಹಾರಶಾಸ್ತ್ರಕ್ಕೆ ಸೇರಿತು. ಆಂಟಿಫೋನನ ಹೆಸರಿನಲ್ಲಿರುವ ವಾದಾಭ್ಯಾಸದ ಭಾಷಣಗಳಲ್ಲಿ ಒಂದು ಪ್ರಸಂಗವಿದೆ. ವ್ಯಾಯಾಮಶಾಲೆಯಲ್ಲಿ ಹುಡುಗನೊಬ್ಬನು ಈಟಿಯೆಸೆತವನ್ನು ಅಭ್ಯಾಸಮಾಡುತ್ತಿರುವಾಗ ಮತ್ತೊಬ್ಬ ಬಾಲಕನು ಅಡ್ಡ ಓಡಿಬಂದು ಈಟಿ ತಗಲಿ ಸಾಯುತ್ತಾನೆ. ‘ಹಮರ್ತಿಯಾ’ ಯಾರದು? ಎಸೆದವನು ನಿಯತವಾದ ಸ್ಥಳದಲ್ಲಿ ನಿಂತು ನಿಯತವಾದ ಗುರಿಗೆ ಎಸೆದನು. ಓಡಿಬಂದವನೇ ತಪ್ಪಿದವನು ಎಂಬುದು ಪ್ರತಿವಾದಿಯ ಮಾತು. ಇಂತಹುದೇ ಒಂದು ಘಟನೆಯನ್ನು ಕುರಿತು ಪೆರಿಕ್ಲೀಸನು ಪ್ರೊಟಾಗೊರಸನೊಡನೆ ಇಡಿಯ ದಿನ ಚರ್ಚಿಸಿದನೆಂದು ಪ್ಲುಟಾರ್ಕನು ಬರೆದಿದ್ದಾನೆ. ಎಸೆದವನಲ್ಲಿ ದ್ವೇಷವಿಲ್ಲ, ಲೋಭವಿಲ್ಲ. ಆದರೂ ಒಂದು ಜೀವವು ಹೋಯಿತು, ಯಾರೋ ಉತ್ತರ ಹೇಳಬೇಕು. ದುಷ್ಟತನವಿಲ್ಲದೆ ಅನರ್ಥವುಂಟಾದಾಗ ಹೊಣೆ ಯಾರದೆಂಬ ಈ ಜಿಜ್ಞಾಸೆಯೇ ಗ್ರೀಕ್ ನಾಟಕಕಾರರ ಜಿಜ್ಞಾಸೆಯೂ ಹೌದು.

ಸಾಫೊಕ್ಲಿಸನ ‘ಕೊಲೋನಸ್ಸಿನಲ್ಲಿ ಈಡಿಪಸ್’ ಎಂಬ ನಾಟಕದಲ್ಲಿ ವೃದ್ಧನೂ ಅಂಧನೂ ಆದ ಈಡಿಪಸನು, ತನ್ನನ್ನು ನಿಂದಿಸುವ ಕ್ರಿಯೋನನಿಗೆ ಉತ್ತರ ಕೊಡುವಾಗ ಈ ಶಬ್ದವನ್ನು ನಾಮವಾಗಿ ಒಮ್ಮೆ, ಕ್ರಿಯೆಯಾಗಿ ಒಮ್ಮೆ ಬಳಸುತ್ತಾನೆ. ತಾನು ತನಗೂ ತನ್ನವರಿಗೂ ತಪ್ಪಿ ನಡೆದುದು ನಿಜ. ಆದರೆ ಆ ತಪ್ಪುವಿಕೆಗೆ ಕಾರಣವೆನ್ನಬಹುದಾದ ನಿಂದ್ಯವಾದ ತಪ್ಪು ತನ್ನಲ್ಲಿ ಮೊದಲು ಯಾವುದಿತ್ತು ಎಂಬುದು ಅವನ ವಾದದ ತಾತ್ಪರ್ಯ. ‘ಈಡಿಪಸನ ದೋಷವಾವುದು’ ಎಂಬ ನಮ್ಮ ಪ್ರಶ್ನೆಯನ್ನು ಕವಿಯು ಕ್ರಿಯೋನನ ಪಕ್ಷಕ್ಕೆ ಸೇರಿಸಿ, ಈಡಿಪಸನಿಂದಲೇ ನಿರಾಕರಿಸಿರುವನೆಂಬುದು ಗಮನಾರ್ಹ.

೫. ಅರಿಸ್ಟಾಟಲನ ಶಾಸ್ತ್ರಾರ್ಥ

ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಐದನೆಯ ಭಾಗದಲ್ಲಿ ಪರಹಾನಿಯನ್ನು ವಿಭಜಿಸುತ್ತಾನೆ. ನಿರೀಕ್ಷಿಸಲಾಗದಂತೆ ಸಂಭವಿಸಿದುದು ‘ಅತುಖೇಮ’, ಎಂದರೆ ಆಕಸ್ಮಿಕ. ನಿರೀಕ್ಷಿಸಬಹುದಾಗಿದ್ದು, ಕಾರಣವು ಕರ್ತೃವಿನಲ್ಲಿಯೇ ಇದ್ದು, ಆದರೆ ದುಷ್ಟತನವಿಲ್ಲದೆ ನಡೆದುದು ‘ಹಮರ್ತೇಮ’. ತಿಳಿದು ಮಾಡಿದುದು ‘ಅದಿಕೇಮ’, ಎಂದರೆ ಅನ್ಯಾಯ. ಭಾಷಣಶಾಸ್ತ್ರದಲ್ಲಿಯೂ ಇದೇ ವಿಭಾಗವನ್ನು ಹೇಳಿ, ಹಮರ್ತೇಮವನ್ನೂ ಅನ್ಯಾಯವನ್ನೂ ಒಂದೇ ತಕ್ಕಡಿಯಲ್ಲಿ ತೂಗದಿರುವುದು ಸಮದರ್ಶಿಯಾದವನ ಲಕ್ಷಣವೆನ್ನುತ್ತಾನೆ. ನೀತಿಶಾಸ್ತ್ರದ ಮೂರನೆಯ ಭಾಗದಲ್ಲಿ ವಿಷಯವನ್ನರಿಯದೆ ಮಾಡಿದ ಕಾರ್ಯಗಳಿಗೆ ಕೊಟ್ಟ ಉದಾಹರಣೆಗಳಲ್ಲಿ, ಸ್ವಂತ ಮಗನನ್ನು ಶತ್ರುವೆಂದು ಭ್ರಮಿಸಿದ ಮೆರೊಪೆಯೂ ಒಬ್ಬಳು. ಅದೇ ಮೆರೊಪೆಯು ಕಾವ್ಯಶಾಸ್ತ್ರದ ಹದಿನಾಲ್ಕನೆಯ ಪ್ರಕರಣದಲ್ಲಿಯೂ ಬರುತ್ತಾಳೆ. ಎರಡು ಶಾಸ್ತ್ರಗಳೂ ಈ ವಿಷಯದಲ್ಲಿ ಒಂದೇ ಭೂಮಿಯ ಮೇಲೆ ನಿಂತಿವೆಯೆಂಬುದಕ್ಕೆ ಇದು ಜ್ಞಾಪಕ.

ಈಗ ಹದಿಮೂರನೆಯ ಪ್ರಕರಣ. ಅತ್ಯಂತ ಸಜ್ಜನನು ಕೆಡುವುದು ನಾಟಕಕ್ಕೆ ತಕ್ಕುದಲ್ಲ, ಅದು ಜುಗುಪ್ಸೆಯನ್ನುಂಟುಮಾಡುತ್ತದೆ. ದುಷ್ಟನು ಕೆಡುವುದೂ ತಕ್ಕುದಲ್ಲ. ಅಲ್ಲಿ ಕರುಣೆ ಭಯಗಳಿಗೆ ಎಡೆಯಿಲ್ಲ. ಕರುಣೆಯು ಅನರ್ಹವಾದ ದುಃಖಕ್ಕೆ ಗುರಿಯಾದವನನ್ನು ಕುರಿತು ಹುಟ್ಟತಕ್ಕುದು. ಭಯವು ನಮ್ಮಂತಿರುವವನನ್ನು ಕುರಿತು ಹುಟ್ಟತಕ್ಕುದು. ಆದುದರಿಂದ ಇವರಿಬ್ಬರ ನಡುವಣವನು, ದುಷ್ಟತನದಿಂದಲ್ಲದೆ ಯಾವುದೋ ಒಂದು ‘ಹಮರ್ತಿಯಾ’ದಿಂದ ಬೀಳಬೇಕು. ಇದು ಅಲ್ಲಿನ ಯುಕ್ತಿಯ ಸಂಗ್ರಹ. ಉದಾಹರಣೆಗಳು ಈಡಿಪಸ್ ಮತ್ತು ಥೈಯೆಸ್ಟಿಸ್.

೬. ‘ದೋಷ’ಶಬ್ದದ ಅನೌಚಿತ್ಯ

ಮೇಲಿನ ವಾಕ್ಯದಲ್ಲಿ ದುಷ್ಟತನವನ್ನು ನಿಷೇಧಿಸಿ ಹಮರ್ತಿಯಾವನ್ನು ವಿಧಿಸಿದೆ. ‘ದೋಷ’, ‘ದುಷ್ಟ’ ಎಂಬ ಎರಡು ಶಬ್ದಗಳೂ ದುಷ್‌ಧಾತುವಿನಿಂದಲೇ ನಿಷ್ಪನ್ನವಾದುವು. ಹೀಗಿರುವಲ್ಲಿ ‘ದುಷ್ಟತನದಿಂದಲ್ಲ, ದೋಷದಿಂದ’ ಎಂದು ಅನುವಾದಿಸಿದರೆ, ಮುಂಬಾಗಿಲಿನಿಂದ ಹೊರಕ್ಕೆ ಕಳುಹಿದುದನ್ನೇ ಹಿಂಬಾಗಿಲಿನಿಂದ ಒಳಕ್ಕೆ ಕರೆದಂತಾಯಿತು. ನಿಷೇಧ ವಿಧಿಗಳೆರಡೂ ಒಂದೇ ಧಾತ್ವರ್ಥವನ್ನು ಮುಟ್ಟಿ ವಾಕ್ಯವು ವ್ಯಾಹತವಾಗುತ್ತದೆ.

ಇದಲ್ಲದೆ ದೋಷವೆಂಬುದು ಒಂದು ಆಶ್ರಯದಲ್ಲಿ ನೆಲಸಿರುವ ಧರ್ಮ. ರತ್ನದಲ್ಲಿ ದೋಷ, ಕಾವ್ಯದಲ್ಲಿ ದೋಷ, ಶರೀರದಲ್ಲಿ ತ್ರಿದೋಷ ಎನ್ನುತ್ತೇವೆ. ಹಮರ್ತಿಯಾ ಎಂಬುದಾದರೋ ಕ್ರಿಯೆ. ಒಂದು ಕ್ಷಣದಲ್ಲಿ ನಡೆದುಹೋಗುವಂತಹುದು. ಬಾಣವು ಗುರಿಯನ್ನು ತಪ್ಪಿದಾಗ ಅದು ಬಿಲ್ಲುಗಾರನ ಸ್ವಭಾವದಲ್ಲಿ ನೆಲಸಿದ ಕಲಂಕವಲ್ಲ.

ಇಲ್ಲಿ ನೈಯಾಯಿಕರು ಆಕ್ಷೇಪಿಸಬಹುದು: ‘ಗೌತಮಸೂತ್ರಗಳಲ್ಲಿ ರಾಗ, ದ್ವೇಷ, ಮೋಹ ಎಂಬ ಮೂರು ದೋಷರಾಶಿಗಳು ಹೇಳಲ್ಪಟ್ಟಿವೆ, ಮೋಹದಲ್ಲಿ ಮಿಥ್ಯಾಜ್ಞಾನ ಪ್ರಮಾದಗಳೂ ಅಂತರ್ಗತವೆಂದು ಭಾಷ್ಯಕಾರ ವಾತ್ಸ್ಯಾಯನನು ಎಣಿಸಿದ್ದಾನೆ, ಆದುದರಿಂದ ದೋಷಶಬ್ದವೇ ಸಾಕು’ ಎಂದು. ಸಮಾಧಾನವಿದು: ಆ ಪರಿಭಾಷೆಯಲ್ಲಿ ದೋಷವು ಪ್ರವೃತ್ತಿಗೆ ಪ್ರೇರಕವಾದುದು, ಸಂಸಾರಕ್ಕೆ ಹೇತುವಾದುದು, ಪ್ರತಿಯೊಬ್ಬ ಪ್ರಾಣಿಗೂ ಸಾಧಾರಣವಾದುದು. ಒಬ್ಬ ನಾಯಕನು ಒಂದು ದಿನ ಬಿದ್ದುದಕ್ಕೆ ವಿಶೇಷಕಾರಣವನ್ನು ಹುಡುಕುವಾಗ ಸಾಧಾರಣಕಾರಣವನ್ನು ಹೇಳಿದರೆ ಪ್ರಶ್ನೆಗೆ ಉತ್ತರವಾಗದು. ಮೇಲಾಗಿ ಕನ್ನಡದ ವಿದ್ಯಾರ್ಥಿಗೆ ‘ದೋಷ’ವೆಂದೊಡನೆ ನ್ಯಾಯಸೂತ್ರವು ಸ್ಫುರಿಸುವುದಿಲ್ಲ, ಕಲಂಕವೇ ಸ್ಫುರಿಸುತ್ತದೆ.

ಈ ಕಲಂಕಾರ್ಥವು ಯೂರೋಪಿನಿಂದ ಬಂದುದು. ಅದಕ್ಕೆ ಒಂದು ಇತಿಹಾಸವೂ ಉಂಟು. ಅಲೆಕ್ಸಾಂಡ್ರಿಯದ ಯೆಹೂದ್ಯರು ತಮ್ಮ ಹೀಬ್ರೂ ಧರ್ಮಗ್ರಂಥಗಳನ್ನು ಗ್ರೀಕಿಗೆ ಪರಿವರ್ತಿಸಿದಾಗ, ಗುರಿ ತಪ್ಪುವುದೆಂಬ ಅರ್ಥವನ್ನೂ ಪಾಪವೆಂಬ ಅರ್ಥವನ್ನೂ ಕೊಡುವ ಒಂದು ಹೀಬ್ರೂ ಧಾತುವಿಗೆ ಈ ಶಬ್ದವು ಅನುರೂಪವಾಗಿ ಒದಗಿತು. ನ್ಯಾಯಾಧಿಪತಿಗಳ ಪುಸ್ತಕದ ಇಪ್ಪತ್ತನೆಯ ಅಧ್ಯಾಯದಲ್ಲಿ ಕೂದಲೆಳೆಗೂ ಗುರಿ ತಪ್ಪದೆ ಕವಣೆಯೆಸೆಯುವ ೭೦೦ ಮಂದಿ ಎಡಚರ ವರ್ಣನೆಯಲ್ಲಿ ಆ ಧಾತುವು ಮುಖ್ಯಾರ್ಥದಲ್ಲಿಯೇ ಬಂದಿದೆ. ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ‘ಹಮರ್ತಿಯಾ’ ಪಾಪವಾಚಕವಾಗಿ ರೂಢವಾಯಿತು. ಕನ್ನಡ ಬೈಬಲಿನಲ್ಲಿಯೂ ಅದು ‘ಪಾಪ’ವೇ. ಧರ್ಮಗ್ರಂಥದಲ್ಲಿ ಅದು ಯುಕ್ತವೇ ಸರಿ. ಆದರೆ ಆ ರೂಢಿಯಲ್ಲಿ ಬೆಳೆದ ಓದುಗರು ಅರಿಸ್ಟಾಟಲನಲ್ಲಿಯೂ ನೈತಿಕ ಕಲಂಕವನ್ನು ಕಾಣತೊಡಗಿದರು. ಶೇಕ್ಸ್‌ಪಿಯರನ ನಾಯಕರ ಸ್ವಭಾವವಿಶ್ಲೇಷಣೆಯು ೧೯೦೪ರಲ್ಲಿ ಬ್ರಾಡ್ಲಿಯವರ ಗ್ರಂಥದಿಂದ ಪ್ರತಿಷ್ಠಿತವಾದ ಮೇಲೆ, ಆ ದೃಷ್ಟಿಯನ್ನೇ ಗ್ರೀಕ್ ನಾಟಕಗಳಿಗೂ ಹೊಂದಿಸುವುದು ಬಳಕೆಯಾಯಿತು. ಬೈವಾಟರರು ೧೯೦೯ರಲ್ಲಿಯೇ ನಿರ್ಣಯದ ಭ್ರಾಂತಿಯೆಂಬ ಅರ್ಥದಲ್ಲಿ ಅನುವಾದಿಸಿದ್ದರು. ೧೯೬೬ರಲ್ಲಿ ಡಾಡ್ಸ್ ಎಂಬ ವಿದ್ವಾಂಸರು ಈಡಿಪಸ್ ನಾಟಕವನ್ನು ಕುರಿತ ವಿದ್ಯಾರ್ಥಿಗಳ ಉತ್ತರಗಳನ್ನೇ ಮುಂದಿಟ್ಟುಕೊಂಡು ದೋಷಾನ್ವೇಷಣವನ್ನು ಖಂಡಿಸಿದರು. ೧೯೭೫ರಲ್ಲಿ ಸ್ಟಿಂಟನ್ ಎಂಬವರು, ಈ ಶಬ್ದವನ್ನು ಕೇವಲ ಅಜ್ಞಾನಕ್ಕೆ ಮಿತಿಗೊಳಿಸುವುದೂ ಸರಿಯಲ್ಲ, ಕ್ಷಮಾರ್ಹವಾದ ನೈತಿಕಸ್ಖಲನಗಳೂ ಇದರ ವ್ಯಾಪ್ತಿಯಲ್ಲಿವೆ ಎಂದು ಸಾಧಿಸಿದರು. ಈ ಎರಡನೆಯ ಮಾತನ್ನೂ ನಾವು ಮರೆಯಬಾರದು. ‘ಆಂತಿಗೊನೆ’ ನಾಟಕದ ಕ್ರಿಯೋನನು ಯಾರೆಂದರಿಯದೆ ಯಾರನ್ನೂ ಕೊಂದವನಲ್ಲ, ಹಟದಿಂದ ಅಡಿತಪ್ಪಿದವನು. ಅವನ ವಿಷಯದಲ್ಲಿಯೂ ಸಾಫೊಕ್ಲಿಸನು ಇದೇ ಕ್ರಿಯೆಯನ್ನು ಬಳಸುತ್ತಾನೆ. ತಪ್ಪುವುದು ಮನುಷ್ಯರೆಲ್ಲರಿಗೂ ಸಾಮಾನ್ಯ, ತಿದ್ದಿಕೊಳ್ಳುವವನು ಅವಿವೇಕಿಯಲ್ಲ ಎಂದು ತೈರೇಸಿಯಸನು ಅವನಿಗೆ ಬುದ್ಧಿಹೇಳುವಾಗಲೂ ಈ ಶಬ್ದವೇ.

೭. ಸಂಸ್ಕೃತ ಶಬ್ದಗಳ ಪರೀಕ್ಷೆ

ಸಂಸ್ಕೃತದಲ್ಲಿ ಇದಕ್ಕೆ ಅತ್ಯಂತ ಸಮೀಪವಾದ ಶಬ್ದವು ‘ಅಪರಾಧ’. ಅಮರಸಿಂಹನು ಕ್ಷತ್ರಿಯವರ್ಗದಲ್ಲಿ, ಲಕ್ಷ್ಯದಿಂದ ಬಾಣವು ಜಾರಿದವನಿಗೆ ‘ಅಪರಾದ್ಧಪೃಷತ್ಕ’ನೆಂಬ ಹೆಸರನ್ನು ಕೊಡುತ್ತಾನೆ. ಮಾಘನು ಶಿಶುಪಾಲವಧದ ಎರಡನೆಯ ಸರ್ಗದಲ್ಲಿ, ಕಾರ್ಯವನ್ನು ವಿಮರ್ಶಿಸದವನ ವಾಗ್ಜಾಲವನ್ನು ಗುರಿತಪ್ಪಿದ ಬಿಲ್ಲಾಳಿನ ಹಾರಾಟಕ್ಕೆ ಹೋಲಿಸುವಾಗ ‘ಅಪರಾದ್ಧೇಷು’ ಎಂಬ ಪದವನ್ನು ಪ್ರಯೋಗಿಸುತ್ತಾನೆ. ರಾಧ್‌ಧಾತುವಿಗೆ ಸಿದ್ಧಿಯೆಂದರ್ಥ, ‘ಅಪ’ ಎಂಬ ಉಪಸರ್ಗದಿಂದ ಸಿದ್ಧಿಯು ತಪ್ಪಿತು. ಬಿಲ್ಲುಗಾರನ ಭಾಷೆಯಿಂದ ಹೊರಟು ನೀತಿಯ ಭಾಷೆಗೆ ಬಂದ ಈ ದಾರಿಯನ್ನು ಗ್ರೀಕರೂ ಹೀಬ್ರೂಗಳೂ ಭಾರತೀಯರೂ ಬೇರೆಬೇರೆಯಾಗಿ ನಡೆದಿರುವುದು ಆಶ್ಚರ್ಯಕರ. ಆದರೆ ಕನ್ನಡದಲ್ಲಿ ‘ಅಪರಾಧ’ವು ಇಂದು ದಂಡಾರ್ಹವಾದ ಪಾತಕವೆಂಬರ್ಥದಲ್ಲಿಯೇ ರೂಢ. ರೂಢಿಯು ಯೋಗವನ್ನು ಅಪಹರಿಸಿರುವುದರಿಂದ ಈ ಶಬ್ದವನ್ನು ಬಿಡಬೇಕಾಗಿದೆ.

‘ಪ್ರಮಾದ’ವು ಟೆಲೆಮಾಕಸನಿಗೆ ಒಪ್ಪುವುದು, ಎಚ್ಚರಿಕೆಯಿಂದಲೇ ನಡೆದ ಈಡಿಪಸನಿಗೆ ಒಪ್ಪದು. ‘ಭ್ರಮೆ’ಯು ಈಡಿಪಸನಿಗೆ ಒಪ್ಪುವುದು, ಕ್ರಿಯೋನನಿಗೆ ಒಪ್ಪದು. ಅಜ್ಞಾನಕೃತ ಕಾಮಕೃತಗಳೆಂಬ ಪಾಪಭೇದವು ಮನು ಯಾಜ್ಞವಲ್ಕ್ಯರಲ್ಲಿ ಸ್ಫುಟವಾಗಿದ್ದರೂ ಅದು ಪ್ರಾಯಶ್ಚಿತ್ತದ ತಾರತಮ್ಯಕ್ಕಾಗಿ ಹೇಳಿದುದು. ಅರ್ಥವು ನಮ್ಮವರಿಗೆ ಅಪರಿಚಿತವೆಂದು ಹೀಗೆ ಹೇಳುತ್ತಿಲ್ಲ. ರಾಮಾಯಣದ ದಶರಥನು ಶಬ್ದವನ್ನು ಕೇಳಿ ಬಾಣವನ್ನು ಬಿಟ್ಟನು. ಬಾಣವು ಶಬ್ದಸ್ಥಾನವನ್ನು ತಪ್ಪಲಿಲ್ಲ. ಆನೆಯೆಂದು ತಿಳಿದ ತಿಳಿವು ತಪ್ಪಿತು. ಹಮರ್ತಿಯಾದ ಸ್ವರೂಪವನ್ನು ಇದಕ್ಕಿಂತ ಚೆನ್ನಾಗಿ ತೋರುವ ಕಥೆಯು ದುರ್ಲಭ. ಆದರೆ ಅದಕ್ಕೆ ಸಂಸ್ಕೃತದಲ್ಲಿ ಏಕಪದವಾದ ಹೆಸರಿಲ್ಲ.

೮. ಸಿದ್ಧಾಂತ

ಹೆಸರು ಕನ್ನಡದಲ್ಲಿದೆ. ಮೇಲಿನ ಪ್ರಯೋಗಗಳನ್ನೆಲ್ಲ ವಿವರಿಸುವಾಗ ಒಂದು ಶಬ್ದವು ತಾನಾಗಿ ಒದಗುತ್ತ ಬಂದುದನ್ನು ವಾಚಕರು ಗಮನಿಸಿರಬಹುದು. ಅದು ‘ತಪ್ಪು’. ಗುರಿ ತಪ್ಪಿತು ಎನ್ನುತ್ತೇವೆ. ಪಾಂಡರನ ಈಟಿಗೆ ಇದು ಸಲ್ಲುತ್ತದೆ. ಬಾಯಿತಪ್ಪಿ ಬಂದ ಮಾತು ಎನ್ನುತ್ತೇವೆ. ಅಕಿಲೀಸನ ಮಗನಲ್ಲಿ ಇಲ್ಲದಿದ್ದುದು ಇದೇ. ಕಣ್ತಪ್ಪಿನಿಂದಾಯಿತು ಎನ್ನುತ್ತೇವೆ, ಟೆಲೆಮಾಕಸನ ಬಾಗಿಲು ಇಂತಹುದು. ದೇವರಿಗೆ ತಪ್ಪುಕಾಣಿಕೆಯನ್ನು ಸಲ್ಲಿಸುತ್ತೇವೆ. ಫೀನಿಕ್ಸನು ಹೇಳಿದ ಬಲಿ ಇದಲ್ಲದೆ ಬೇರೆಯಲ್ಲ. ತಪ್ಪುದಂಡವನ್ನು ವಿಧಿಸುತ್ತೇವೆ, ಅಥೆನ್ಸಿನ ನ್ಯಾಯಸ್ಥಾನವು ಇಲ್ಲಿದೆ. ಕ್ರಿಯೆಯೂ ನಾಮವೂ ಒಂದೇ ಪದವಾಗಿರುವುದು ಇನ್ನೊಂದು ಅನುಕೂಲ. ತಮಿಳು ತೆಲುಗುಗಳಲ್ಲಿಯೂ ಈ ಪದವು ಇದೇ ಎರಡು ಅರ್ಥಗಳಲ್ಲಿ ಇರುವುದರಿಂದ ಇದರ ಪ್ರಾಚೀನತೆಯೂ ಸಿದ್ಧ.

‘ಇಷ್ಟು ಸಾಮಾನ್ಯವಾದ ಮಾತು ಶಾಸ್ತ್ರಕ್ಕೆ ಸಲ್ಲುವುದೇ?’ ಎಂದರೆ, ಗ್ರೀಕರಿಗೂ ಆ ಶಬ್ದವು ಸಾಮಾನ್ಯವಾದುದೇ ಆಗಿತ್ತು ಎಂಬುದೇ ಉತ್ತರ. ‘ಲೆಕ್ಕದ ತಪ್ಪಿಗೂ ಈಡಿಪಸನ ತಪ್ಪಿಗೂ ಭೇದ ಕಾಣದು’ ಎಂದರೆ, ಅರಿಸ್ಟಾಟಲನೇ ಅದೇ ಪ್ರಕರಣದಲ್ಲಿ ಎರಡನೆಯ ಸಲ ಹೇಳುವಾಗ ‘ದೊಡ್ಡ’ ಎಂಬ ವಿಶೇಷಣವನ್ನು ಕೂಡಿಸಿದ್ದಾನೆ. ‘ಒಂದು ದೊಡ್ಡ ತಪ್ಪಿನಿಂದ’ ಎಂದು ನಾವೂ ಹೇಳಬಹುದು. ‘ಶಬ್ದವು ಅತಿವ್ಯಾಪ್ತವಾಯಿತು’ ಎಂದರೆ, ಥೈಯೆಸ್ಟಿಸನ ಉದಾಹರಣೆಯನ್ನು ನೋಡಬೇಕು. ಅವನು ಅಣ್ಣನ ಮಡದಿಯನ್ನು ಕೂಡಿದವನು. ತನ್ನ ಮಕ್ಕಳ ಮಾಂಸವನ್ನು ಅರಿಯದೆ ತಿಂದವನು. ಈಡಿಪಸನನ್ನೂ ಇವನನ್ನೂ ಒಂದೇ ಸೂತ್ರದಲ್ಲಿ ಪೋಣಿಸಿದ ಶಾಸ್ತ್ರಕಾರನಿಗೆ ವ್ಯಾಪಕವಾದ ಶಬ್ದವೇ ಬೇಕಾಗಿತ್ತು.

ಈ ಅರ್ಥದಿಂದ ನೋಡಿದಾಗ ನಾಟಕವು ಬೇರೆಯಾಗಿ ಕಾಣುತ್ತದೆ. ತಂದೆಯನ್ನು ಕೊಲ್ಲುವೆಯೆಂಬ ದೈವವಾಣಿಯನ್ನು ಕೇಳಿ ಈಡಿಪಸನು ತಂದೆಯೆಂದು ತಿಳಿದವನಿಂದ ದೂರ ಓಡಿದನು. ಉದ್ದೇಶವು ಶುದ್ಧ, ಓಟವೂ ಬಿರುಸು, ಆದರೆ ತಂದೆ ಯಾರೆಂಬ ಗುರಿಯೇ ತಪ್ಪಿತ್ತು. ಮೂರು ದಾರಿಗಳು ಕೂಡುವಲ್ಲಿ ಅವನು ಸಿಟ್ಟಾದುದು ನಿಜ. ಸಿಟ್ಟಾಗದ ದಾರಿಹೋಕರು ಎಷ್ಟು ಮಂದಿ? ಟ್ಯೂಸರನ ಬಾಣದಂತೆ, ಅವನ ತಪ್ಪಿದ ಹೆಜ್ಜೆಯೂ ಬರಿದೆ ಬೀಳದೆ ಹೆತ್ತವರಿಗೂ ಮಕ್ಕಳಿಗೂ ತಗಲಿತು.

ದೋಷವನ್ನು ಹುಡುಕುವ ಪ್ರೇಕ್ಷಕನು ನಾಟಕಶಾಲೆಯಿಂದ ನಿಶ್ಚಿಂತನಾಗಿ ಹೊರಡುತ್ತಾನೆ. ಅವನಲ್ಲಿ ದೋಷವಿತ್ತು, ಬಿದ್ದನು. ನನ್ನಲ್ಲಿಲ್ಲ, ಬೀಳೆನು ಎಂಬ ಸಮಾಧಾನವು ಅವನಿಗೆ ದೊರೆಯುತ್ತದೆ. ಈ ಸಮಾಧಾನದಲ್ಲಿ ಕರುಣೆಯೂ ಇಲ್ಲ, ಭಯವೂ ಇಲ್ಲ. ನೊಂದವರ ಮನೆಯಲ್ಲಿ ನಿಂತು ಇವರ ದೋಷವೇನೆಂದು ಕೇಳುವ ನಾಲಗೆಯನ್ನು ಲೋಕದಲ್ಲಿ ನಾವು ಮೆಚ್ಚುವುದಿಲ್ಲ. ಕಾವ್ಯಪಾಠದಲ್ಲಿ ಅದನ್ನೇ ಕಲಿಸುವುದು ಉಚಿತವಲ್ಲ. ‘ತಪ್ಪಿದನು’ ಎಂದು ಹೇಳಿ ನೋಡಬೇಕು: ಹೊಣೆ ಅವನಲ್ಲಿಯೇ ಉಳಿಯುತ್ತದೆ, ದುಷ್ಟನೆಂಬ ಅಪವಾದವು ಬೀಳುತ್ತದೆ, ನಾವೂ ತಪ್ಪುವವರೆಂಬ ನೆನಪು ಕೂಡಲೆ ಬರುತ್ತದೆ. ಶಾಸ್ತ್ರಕಾರನು ಬಯಸಿದುದು ಇಷ್ಟೆಯೆ.

ಆದುದರಿಂದ ‘ಅತುಖೇಮ’ಕ್ಕೆ ಆಕಸ್ಮಿಕ, ‘ಹಮರ್ತಿಯಾ’ ‘ಹಮರ್ತೇಮ’ಗಳಿಗೆ ತಪ್ಪು, ‘ಅದಿಕೇಮ’ಕ್ಕೆ ಅನ್ಯಾಯ ಎಂಬ ಶಬ್ದಗಳನ್ನು ನಿಯಮದಿಂದ ಬಳಸಬಹುದೆಂದು ಸೂಚಿಸುತ್ತೇವೆ. ಪ್ರಶ್ನಪತ್ರಿಕೆಗಳಲ್ಲಿ ‘ನಾಯಕನ ದೋಷವನ್ನು ವಿವರಿಸಿರಿ’ ಎಂಬುದರ ಬದಲಾಗಿ ‘ನಾಯಕನು ಎಲ್ಲಿ, ಹೇಗೆ ತಪ್ಪಿದನೆಂಬುದನ್ನು ವಿವರಿಸಿರಿ’ ಎಂದು ಕೇಳಿದರೆ ಉತ್ತರಗಳ ದಿಕ್ಕೇ ಬದಲಾಗುವುದು. ಯುಕ್ತಾಯುಕ್ತಗಳನ್ನು ವಿದ್ವಾಂಸರೂ ಅಧ್ಯಾಪಕರೂ ಪರಾಮರ್ಶಿಸಬೇಕೆಂದು ಪ್ರಾರ್ಥಿಸುತ್ತೇವೆ.